ಫಸ್ಟ್ ಪಿಯುಸಿ ಫಿಸಿಕ್ಸ್: ಚಲನೆ, ಬಲದ ಪಾಠಗಳನ್ನು ಬುಡದಿಂದ ಕಲಿಯುವುದು ಹೇಗೆ

ಕಾಲೇಜು ಶುರುವಾಗಿ ಒಂದೆರಡು ತಿಂಗಳಾಗುವಷ್ಟರಲ್ಲಿ ಆಳಂದ, ಸೇಡಂ, ಶಹಾಪುರ, ಔರಾದ ಕಡೆಯಿಂದ ಕಲಬುರಗಿಗೆ ಓದಲು ಬಂದ ಹುಡುಗ ಹುಡುಗಿಯರು ಒಂದೇ ಮಾತು ಕೇಳುತ್ತಾರೆ. “ಅಣ್ಣಾ, ಕ್ಲಾಸಿನ್ಯಾಗ ಸರ್ ಹೇಳುವಾಗ ಎಲ್ಲಾ ತಿಳಿತದ. ರೂಮಿಗಿ ಬಂದು ಲೆಕ್ಕ ಮಾಡ್ಲಾಕ ಕುಂತ್ರ ಕೈನೇ ಓಡಲ್ಲ.” ಬೀದರ್, ಯಾದಗಿರಿಯಲ್ಲಿ ಓದುವವರದೂ ಇದೇ ಗೋಳು. ನಾನೂ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಇಲ್ಲೇ ಪಿಯುಸಿ ಸೈನ್ಸ್ ಓದಿದವನು. ಈಗ ಬಿಎಸ್ಸಿ ಓದುತ್ತಾ ಸಂಜೆ ಹೊತ್ತು ಜೂನಿಯರ್‌ಗಳಿಗೆ ಹೇಳಿಕೊಡುತ್ತೇನೆ. ಒಬ್ಬೊಬ್ಬರಿಗೂ ಹೇಳುವುದನ್ನೇ ಇಲ್ಲಿ ಸಾಲಾಗಿ ಬರೆದಿದ್ದೇನೆ.

ಈ ಪಾಠಗಳು ತಲೆಗೆ ಹತ್ತದಿರಲು ಮುಖ್ಯ ಕಾರಣ ನಮ್ಮೊಳಗೆ ಚಿಕ್ಕಂದಿನಿಂದ ಕೂತಿರುವ ಒಂದು ನಂಬಿಕೆ. ಏನಾದರೂ ಓಡುತ್ತಿದ್ದರೆ ಅದನ್ನು ಏನೋ ಒಂದು ದೂಡುತ್ತಲೇ ಇರಬೇಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಇದನ್ನು ಒಳಗೇ ಇಟ್ಟುಕೊಂಡು ಎಷ್ಟು ಸೂತ್ರ ಬಾಯಿಪಾಠ ಮಾಡಿದರೂ ಪ್ರಯೋಜನವಿಲ್ಲ. ಹಾಗಾಗಿ ಕೆಳಗಿನ ಹಂತಗಳಲ್ಲಿ ನಾಲ್ಕನೆಯದು ಮತ್ತು ಐದನೆಯದಕ್ಕೆ ಜಾಸ್ತಿ ಸಮಯ ಕೊಡಿ. ಉಳಿದವು ಅಲ್ಲಿಗೆ ತಲುಪುವ ದಾರಿ.

ಏನೇನು ಬೇಕು

ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಫಿಸಿಕ್ಸ್ ಪುಸ್ತಕ ಬೇಕು. ನಮ್ಮ ಪಿಯುಸಿಗೆ ಅದೇ ಪಠ್ಯ. ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಜೊತೆಗೆ ಒಂಬತ್ತನೇ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕ ಇರಲಿ. ಮನೆಯಲ್ಲಿ ಇಲ್ಲದಿದ್ದರೆ ತಮ್ಮ, ತಂಗಿ, ಪಕ್ಕದ ಮನೆಯವರು ಯಾರ ಹತ್ತಿರವಾದರೂ ತಗೊಳ್ಳಿ. ಚಲನೆ, ಬಲ ಎರಡೂ ಪಾಠ ಅದರಲ್ಲಿವೆ. ಅದನ್ನು ಓದಲು ನಾಚಿಕೆ ಬೇಡ.

ಗ್ರಾಫ್ ಹಾಳೆ, ಪೆನ್ಸಿಲ್, ಸ್ಕೇಲ್, ಅಳತೆ ಟೇಪ್, ವಿಡಿಯೊ ತೆಗೆಯಲು ಬರುವ ಒಂದು ಫೋನ್, ಸ್ಟಾಪ್‌ವಾಚಿಗೆ ಗೆಳೆಯರ ಇನ್ನೊಂದು ಫೋನ್. ಒಂದು ಗಾಜಿನ ಗೋಲಿ. ಕರೆಂಟ್ ಸಾಮಾನಿನ ಅಂಗಡಿಯಲ್ಲಿ ವೈರಿಂಗ್‌ಗೆ ಮಾರುವ ಕೇಸಿಂಗ್ ಪಟ್ಟಿ, ಎರಡು ಮೀಟರ್ ಉದ್ದದ್ದು. ಇಷ್ಟು ಸಾಕು. ದಪ್ಪ ದಪ್ಪ ಗೈಡುಗಳನ್ನು ಈಗಲೇ ಕೊಳ್ಳಬೇಡಿ.

ಕನ್ನಡ ಮಾಧ್ಯಮದಿಂದ ಬಂದವರು ಈ ಜೋಡಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ: ಡಿಸ್‌ಪ್ಲೇಸ್‌ಮೆಂಟ್ ಅಂದರೆ ಸ್ಥಾನಪಲ್ಲಟ, ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ, ಆಕ್ಸೆಲರೇಷನ್ ಅಂದರೆ ವೇಗೋತ್ಕರ್ಷ, ಮಾಸ್ ಅಂದರೆ ರಾಶಿ, ಫೋರ್ಸ್ ಅಂದರೆ ಬಲ, ಫ್ರಿಕ್ಷನ್ ಅಂದರೆ ಘರ್ಷಣೆ, ಇನರ್ಷಿಯಾ ಅಂದರೆ ಜಡತ್ವ, ಮೊಮೆಂಟಮ್ ಅಂದರೆ ಸಂವೇಗ. ಎಲ್ಲವೂ ನೀವು ಹೈಸ್ಕೂಲಿನಲ್ಲಿ ಓದಿದವೇ.

1. ಗಣಿತದ ಸಾಮಾನು ಮೊದಲು ಸರಿಮಾಡಿಕೊಳ್ಳಿ

ಮೂರು ಸಂಗತಿ ಬಂದರೆ ಸಾಕು. ಲಂಬಕೋನ ತ್ರಿಭುಜದಲ್ಲಿ ಸೈನ್, ಕಾಸ್ ಯಾವ ಬಾಹುವಿಗೆ ಸೇರಿದ್ದು ಎಂದು ಗೊತ್ತಿರಬೇಕು. ಗ್ರಾಫಿನಲ್ಲಿ ಗೆರೆಯ ಓಟ, ಅಂದರೆ ಸ್ಲೋಪ್, ತೆಗೆಯಲು ಬರಬೇಕು. ಗಂಟೆಗೆ ಕಿಲೋಮೀಟರ್ ಅನ್ನು ಸೆಕೆಂಡಿಗೆ ಮೀಟರ್ ಮಾಡಲು ಬರಬೇಕು. ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್. ಇದೊಂದು ನೆನಪಿದ್ದರೆ 36ಕ್ಕೆ 10, 54ಕ್ಕೆ 15, 72ಕ್ಕೆ 20 ತಾನಾಗಿ ಬರುತ್ತದೆ.

ಕ್ಯಾಲ್ಕುಲಸ್ ಬರಲ್ಲ ಅಂತ ಇಲ್ಲೇ ಕೂತುಬಿಡಬೇಡಿ. ಅದು ಗಣಿತದ ಕ್ಲಾಸಿನಲ್ಲಿ ಮುಂದೆ ಬರುತ್ತದೆ. ಅಲ್ಲಿಯವರೆಗೆ ಗ್ರಾಫಿನಿಂದಲೇ ಕೆಲಸ ಸಾಗುತ್ತದೆ.

2. ಒಂದು ದಿಕ್ಕನ್ನು ಪ್ಲಸ್ ಅಂತ ಬರೆದು ಲೆಕ್ಕ ಶುರು ಮಾಡಿ

ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ ಸುಮಾರು 110 ಕಿ.ಮೀ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಅದೇ ನಿಲ್ದಾಣಕ್ಕೆ ವಾಪಸ್ ಬಂದರೆ ನೀವು ಸಾಗಿದ ದೂರ 220 ಕಿ.ಮೀ. ಸ್ಥಾನಪಲ್ಲಟ ಸೊನ್ನೆ. ಇದು ಎಲ್ಲರಿಗೂ ಗೊತ್ತು. ಆದರೆ ಬಸ್ಸು ಹೋಗುವಾಗ ಗಂಟೆಗೆ 60, ಬರುವಾಗ 40ರಂತೆ ಓಡಿದರೆ ಸರಾಸರಿ ಜವ ಎಷ್ಟು? ಬಹಳ ಜನ 50 ಎಂದು ಬರೆಯುತ್ತಾರೆ. ಸರಿ ಉತ್ತರ 48. ನಿಧಾನವಾಗಿ ಬಂದಾಗ ಜಾಸ್ತಿ ಹೊತ್ತು ಹಿಡಿಯಿತು, ಅಲ್ವಾ? ಹಾಗಾಗಿ ಸರಾಸರಿ ಆ ಕಡೆಗೆ ವಾಲುತ್ತದೆ. ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸುವುದೊಂದೇ ದಾರಿ.

ಇನ್ನು ಪ್ಲಸ್, ಮೈನಸ್. ಇಲ್ಲಿ ಹೋದಷ್ಟು ಅಂಕ ಬೇರೆಲ್ಲೂ ಹೋಗುವುದಿಲ್ಲ. ಈ ಲೆಕ್ಕ ನೋಡಿ. ಬಾವಿಯ ಕಟ್ಟೆಯ ಮೇಲೆ ನಿಂತು ಒಂದು ಕಲ್ಲನ್ನು ನೇರ ಮೇಲಕ್ಕೆ ಸೆಕೆಂಡಿಗೆ 9.8 ಮೀಟರ್ ವೇಗದಲ್ಲಿ ಎಸೆಯುತ್ತೀರಿ. ಅದು ಮೇಲೆ ಹೋಗಿ, ತಿರುಗಿ, ಬಾವಿಯೊಳಗೆ ಬೀಳುತ್ತದೆ. ನೀರು ಕೈಯಿಂದ 14.7 ಮೀಟರ್ ಕೆಳಗಿದೆ. ಕಲ್ಲು ನೀರು ಮುಟ್ಟಲು ಎಷ್ಟು ಸೆಕೆಂಡ್?

ಬಹಳಷ್ಟು ಜನ ಇದನ್ನು ಮೂರು ತುಂಡು ಮಾಡುತ್ತಾರೆ: ಮೇಲೆ ಹೋಗುವುದು, ಕೈಯ ಮಟ್ಟಕ್ಕೆ ಬರುವುದು, ಆಮೇಲೆ ಬಾವಿಯೊಳಗೆ. ಆ ಕಷ್ಟ ಬೇಡ. ಮೇಲಿನ ದಿಕ್ಕು ಪ್ಲಸ್ ಎಂದು ಹಾಳೆಯ ಮೂಲೆಯಲ್ಲಿ ಬಾಣ ಹಾಕಿ. ಎಸೆದ ವೇಗ ಪ್ಲಸ್ 9.8. ಗುರುತ್ವದ ವೇಗೋತ್ಕರ್ಷ ಮೈನಸ್ 9.8. ಸ್ಥಾನಪಲ್ಲಟ ಮೈನಸ್ 14.7, ಯಾಕೆಂದರೆ ಕೊನೆಗೆ ಕಲ್ಲು ಕೈಯಿಗಿಂತ ಕೆಳಗಿದೆ. ಸಮಯಕ್ಕೆ ಟಿ ಎಂದಿಟ್ಟರೆ, ಮೈನಸ್ 14.7 = 9.8 ಟಿ − 4.9 ಟಿ ವರ್ಗ. 4.9ರಿಂದ ಭಾಗಿಸಿ ಒಂದೇ ಕಡೆ ತಂದರೆ, ಟಿ ವರ್ಗ − 2 ಟಿ − 3 = 0. ಉತ್ತರ 3 ಸೆಕೆಂಡ್. ಇನ್ನೊಂದು ಉತ್ತರ ಮೈನಸ್ 1 ಬರುತ್ತದೆ, ಎಸೆಯುವ ಮೊದಲಿನ ಸಮಯ ಅದು, ಬಿಟ್ಟುಬಿಡಿ. ಮೂರು ಹಾದಿಗೆ ಒಂದೇ ಸಾಲು ಸಾಕಾಯಿತು.

ಎಚ್ಚರಿಕೆ: ಕಲ್ಲು ಎತ್ತರದ ತುದಿಯಲ್ಲಿ ಒಂದು ಕ್ಷಣ ನಿಂತಾಗ ಅದರ ವೇಗ ಸೊನ್ನೆ. ವೇಗೋತ್ಕರ್ಷ ಸೊನ್ನೆ ಅಲ್ಲ. ಅದು ಸೊನ್ನೆಯಾಗಿದ್ದರೆ ಕಲ್ಲು ಅಲ್ಲೇ ತೂಗಾಡುತ್ತಿತ್ತು. ಏರುವಾಗ, ತುದಿಯಲ್ಲಿ, ಇಳಿಯುವಾಗ ಮೂರೂ ಕಡೆ ಅದೇ 9.8, ಕೆಳಮುಖವಾಗಿ. ಒಂದು ಮಾರ್ಕಿನ ಪ್ರಶ್ನೆಯಾಗಿ ಇದನ್ನು ಕೇಳುತ್ತಲೇ ಇರುತ್ತಾರೆ.

3. ಗ್ರಾಫ್ ಓದಲು ಕಲಿಯಿರಿ, ಒಂದನ್ನು ಕೈಯಾರೆ ಮಾಡಿ

ಸಮಯ-ವೇಗದ ಗ್ರಾಫಿನಲ್ಲಿ ಎರಡು ವಿಷಯ ಅಡಗಿವೆ. ಗೆರೆಯ ಓಟ ಅಂದರೆ ವೇಗೋತ್ಕರ್ಷ. ಗೆರೆಯ ಕೆಳಗಿನ ಕ್ಷೇತ್ರಫಲ ಅಂದರೆ ಸ್ಥಾನಪಲ್ಲಟ. ಒಂದು ಟಂಟಂ ನಿಂತಲ್ಲಿಂದ ಹೊರಟು 10 ಸೆಕೆಂಡಿನಲ್ಲಿ ಸೆಕೆಂಡಿಗೆ 10 ಮೀಟರ್ ವೇಗ ಪಡೆಯಿತು. 30 ಸೆಕೆಂಡ್ ಅದೇ ವೇಗದಲ್ಲಿ ಓಡಿತು. 5 ಸೆಕೆಂಡಿನಲ್ಲಿ ಬ್ರೇಕ್ ಹಾಕಿ ನಿಂತಿತು. ಗ್ರಾಫಿನಲ್ಲಿ ಒಂದು ತ್ರಿಭುಜ, ಒಂದು ಆಯತ, ಇನ್ನೊಂದು ತ್ರಿಭುಜ. 50, 300, 25 ಕೂಡಿಸಿದರೆ 375 ಮೀಟರ್. ಸೂತ್ರದ ಹೆಸರೂ ಎತ್ತಬೇಕಾಗಿಲ್ಲ.

ಗ್ರಾಫನ್ನು ರಸ್ತೆಯ ಚಿತ್ರ ಅಂದುಕೊಳ್ಳಬೇಡಿ. ಗೆರೆ ಮೇಲಕ್ಕೆ ಹೋಯಿತು ಅಂದರೆ ಗಾಡಿ ಏರು ಹತ್ತಿತು ಅಂತ ಅಲ್ಲ. ಮೊದಲು ಅಕ್ಷದ ಮೇಲೆ ಏನು ಬರೆದಿದೆ ನೋಡಿ. ಸಮತಟ್ಟಾದ ಗೆರೆ ಸಮಯ-ಸ್ಥಾನದ ಗ್ರಾಫಿನಲ್ಲಿದ್ದರೆ ಗಾಡಿ ನಿಂತಿದೆ. ಅದೇ ಗೆರೆ ಸಮಯ-ವೇಗದ ಗ್ರಾಫಿನಲ್ಲಿದ್ದರೆ ಗಾಡಿ ಒಂದೇ ವೇಗದಲ್ಲಿ ಓಡುತ್ತಿದೆ.

ಈಗ ಗೋಲಿ ತೆಗೆಯಿರಿ. ಕೇಸಿಂಗ್ ಪಟ್ಟಿಯ ಮುಚ್ಚಳ ತೆಗೆದು, ತೆರೆದ ಬದಿ ಮೇಲೆ ಬರುವಂತೆ ಫರಸಿ ನೆಲದ ಮೇಲಿಡಿ. ಒಂದು ತುದಿಯ ಕೆಳಗೆ ಪುಸ್ತಕ ಇಟ್ಟು ನಾಲ್ಕು ಸೆಂಟಿಮೀಟರಿನಷ್ಟು ಎತ್ತರಿಸಿ. ಪಟ್ಟಿ ನಡುವೆ ಜೋಲದಂತೆ ಒಂದೆರಡು ಕಡೆ ಹಾಳೆ ಮಡಚಿ ಆಸರೆ ಕೊಡಿ. ಪಕ್ಕದಲ್ಲಿ ಅಳತೆ ಟೇಪ್, ಸ್ಟಾಪ್‌ವಾಚ್ ಓಡುತ್ತಿರುವ ಇನ್ನೊಂದು ಫೋನ್. ಇಡೀ ಪಟ್ಟಿ ಕಾಣುವಂತೆ ವಿಡಿಯೊ ಹಚ್ಚಿ, ಗೋಲಿಯನ್ನು ಸುಮ್ನೆ ಬಿಡಿ. ದೂಡಬೇಡಿ.

ಆಮೇಲೆ ವಿಡಿಯೊವನ್ನು ಒಂದೊಂದು ಸೆಕೆಂಡಿಗೆ ನಿಲ್ಲಿಸಿ ಗೋಲಿ ಎಲ್ಲಿದೆ ಬರೆದುಕೊಳ್ಳಿ. ಮೊದಲ ಸೆಕೆಂಡಿನಲ್ಲಿ ಸುಮಾರು 7 ಸೆಂ.ಮೀ. ಹೋದರೆ, ಎರಡನೇ ಸೆಕೆಂಡಿನಲ್ಲಿ 21, ಮೂರರಲ್ಲಿ 35, ನಾಲ್ಕರಲ್ಲಿ 49ರ ಆಸುಪಾಸು ಬರಬೇಕು. ನಿಮ್ಮ ಪಟ್ಟಿಯಲ್ಲಿ ಸಂಖ್ಯೆಗಳು ಬೇರೆ ಇರಬಹುದು. ಅವುಗಳ ಪ್ರಮಾಣ ನೋಡಿ: 1, 3, 5, 7. ಒಂದೇ ವೇಗೋತ್ಕರ್ಷ ಇದ್ದಾಗ ಹೀಗೇ ಬರುತ್ತದೆ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ್ದು ಇದನ್ನೇ. ಅವನ ಹತ್ತಿರ ಸ್ಟಾಪ್‌ವಾಚ್ ಇರಲಿಲ್ಲ. ಮರದ ಹಲಗೆಯಲ್ಲಿ ಕೊರೆದ ಹಾದಿಯಲ್ಲಿ ಕಂಚಿನ ಗುಂಡು ಉರುಳಿಸಿ, ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನು ತೂಗಿ ಹೊತ್ತು ಅಳೆದ. ನಿಮ್ಮ ಹಾಳೆಯ ಮೇಲೆ ಆ 1, 3, 5, 7 ಬಂದಾಗ ಆಗುವ ಖುಷಿಯೇ ಬೇರೆ. ದಯವಿಟ್ಟು ಈ ಹಂತ ಹಾರಿಸಬೇಡಿ.

4. ಓಡುವುದಕ್ಕೆ ಬಲ ಬೇಕಿಲ್ಲ

ಇದು ಆ ಹಳೆಯ ನಂಬಿಕೆಯನ್ನು ಬಿಡಿಸುವ ಹಂತ. ಪ್ರಶ್ನೆ ಹೀಗಿದೆ. ಬ್ಯಾಟಿನಿಂದ ಹೊಡೆದ ಚೆಂಡು ಗಾಳಿಯಲ್ಲಿ ಹೋಗುತ್ತಿದೆ. ಗಾಳಿಯ ತಡೆ ಬಿಟ್ಟುಬಿಡಿ. ಈಗ ಚೆಂಡಿನ ಮೇಲೆ ಯಾವ ಯಾವ ಬಲಗಳಿವೆ? ಉತ್ತರ ಓದುವ ಮೊದಲು ಹಾಳೆಯ ಮೇಲೆ ಬರೆಯಿರಿ.

“ಕೆಳಗೆ ಗುರುತ್ವ, ಮುಂದಕ್ಕೆ ಹೊಡೆತದ ಬಲ” ಎಂದು ಬರೆದಿದ್ದರೆ ಆ ನಂಬಿಕೆ ಇನ್ನೂ ಇದೆ. ಬ್ಯಾಟು ಬಿಟ್ಟ ಮರುಕ್ಷಣವೇ ಹೊಡೆತದ ಬಲ ಮುಗಿಯಿತು. ಚೆಂಡಿನ ಮೇಲಿರುವುದು ಗುರುತ್ವ ಒಂದೇ. ಮುಂದಕ್ಕೆ ಯಾಕೆ ಹೋಗುತ್ತಿದೆ ಅಂದರೆ, ಮುಂದಕ್ಕೆ ಹೋಗುತ್ತಿತ್ತು, ತಡೆಯಲು ಏನೂ ಇಲ್ಲ, ಅಷ್ಟೇ. ಇದೇ ಜಡತ್ವ. ನ್ಯೂಟನ್ 1687ರಲ್ಲಿ ಮುಂದಿಟ್ಟ ಮೊದಲನೇ ನಿಯಮ ಇಷ್ಟನ್ನೇ ಹೇಳುತ್ತದೆ: ಹೊರಗಿನ ನಿವ್ವಳ ಬಲ ಇಲ್ಲದಿದ್ದರೆ ನಿಂತದ್ದು ನಿಂತೇ ಇರುತ್ತದೆ, ಓಡುವುದು ಅದೇ ವೇಗದಲ್ಲಿ ನೇರ ಓಡುತ್ತಲೇ ಇರುತ್ತದೆ. ನಿವ್ವಳ ಬಲ ಅಂದರೆ ದಿಕ್ಕು ನೋಡಿ ಎಲ್ಲ ಬಲ ಕೂಡಿಸಿದ ಮೇಲೆ ಉಳಿಯುವುದು.

“ಹಾಗಾದರೆ ಬಂಡಿಯನ್ನು ಎತ್ತು ಎಳೆಯುವುದು ಬಿಟ್ಟರೆ ಬಂಡಿ ಯಾಕೆ ನಿಲ್ಲುತ್ತದೆ?” ಈ ಪ್ರಶ್ನೆ ಬಂದೇ ಬರುತ್ತದೆ, ಬರಲೇಬೇಕು. ಬಂಡಿಯ ಮೇಲೆ ಘರ್ಷಣೆ ಯಾವಾಗಲೂ ಹಿಂದಕ್ಕೆ ಇದೆ. ಎರೆ ಮಣ್ಣಿನ ದಾರಿಯಾದರೆ ಇನ್ನೂ ಜಾಸ್ತಿ. ಎತ್ತು ಒಂದೇ ವೇಗದಲ್ಲಿ ಎಳೆದುಕೊಂಡು ಹೋಗುವಾಗ ಮುಂದಿನ ಎಳೆತ, ಹಿಂದಿನ ಘರ್ಷಣೆ ಎರಡೂ ಸಮ. ನಿವ್ವಳ ಬಲ ಸೊನ್ನೆ. ಎತ್ತಿನ ಶ್ರಮವೆಲ್ಲ ಘರ್ಷಣೆಯನ್ನು ಸರಿದೂಗಿಸಲು ಖರ್ಚಾಗುತ್ತದೆ. ಎತ್ತು ಬಿಟ್ಟ ಕೂಡಲೇ ಘರ್ಷಣೆ ಒಂದೇ ಉಳಿಯುತ್ತದೆ, ಬಂಡಿಯ ವೇಗ ಇಳಿಯುತ್ತದೆ. ಬಂಡಿ ನಿಲ್ಲುವುದಕ್ಕೂ ಒಂದು ಬಲ ಬೇಕಾಯಿತು ನೋಡಿ. ಇಲ್ಲಿ ಒಂದು ದಿನ ಕೂತು ಯೋಚಿಸಿ. ಗೆಳೆಯರ ಜೊತೆ ವಾದ ಮಾಡಿ. ನಾವು ಘರ್ಷಣೆ ಇಲ್ಲದ ಜಾಗವನ್ನೇ ನೋಡಿಲ್ಲ, ಅದಕ್ಕೇ ಈ ಮಾತು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ.

ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಬೀಳುವುದೂ ಇದೇ. ಅವರನ್ನು ಮುಂದಕ್ಕೆ ಯಾವ ಬಲವೂ ದೂಡಲಿಲ್ಲ. ಕಾಲನ್ನು ಬಸ್ಸಿನ ನೆಲ ಹಿಂದಕ್ಕೆ ಹಿಡಿಯಿತು, ಮೈ ತನ್ನ ವೇಗದಲ್ಲೇ ಹೋಯಿತು.

5. ಸೂತ್ರಕ್ಕೆ ಮೊದಲು ಬಲಗಳ ಚಿತ್ರ

ಇಡೀ ಪಾಠದ ಜೀವ ಇಲ್ಲಿದೆ. ಪುಸ್ತಕದಲ್ಲಿ ಫ್ರೀ ಬಾಡಿ ಡಯಾಗ್ರಾಮ್ ಅಂತಾರೆ. ಒಂದೇ ಒಂದು ವಸ್ತುವನ್ನು ಬೇರೆ ಮಾಡಿ, ಅದರ ಮೇಲೆ ಹೊರಗಿನವು ಹಾಕುವ ಬಲಗಳನ್ನು ಮಾತ್ರ ಬಾಣಗಳಿಂದ ತೋರಿಸುವ ಚಿತ್ರ ಅದು. ಕ್ರಮ ಹೀಗಿರಲಿ:

ವಸ್ತುವನ್ನು ಒಂದು ಚುಕ್ಕೆ ಅಥವಾ ಚೌಕ ಮಾಡಿ. ಕೆಳಕ್ಕೆ ಗುರುತ್ವದ ಬಾಣ ಹಾಕಿ. ಆಮೇಲೆ “ಇದನ್ನು ಏನೇನು ಮುಟ್ಟಿದೆ?” ಎಂದು ಕೇಳಿಕೊಳ್ಳಿ. ನೆಲ ಮುಟ್ಟಿದ್ದರೆ ನೆಲಕ್ಕೆ ಲಂಬವಾಗಿ ಒಂದು ಬಾಣ, ಅದು ನಾರ್ಮಲ್ ಫೋರ್ಸ್. ನೆಲಕ್ಕೆ ಸಮಾಂತರವಾಗಿ ಇನ್ನೊಂದು, ಘರ್ಷಣೆ. ಹಗ್ಗ ಮುಟ್ಟಿದ್ದರೆ ಹಗ್ಗದ ಗುಂಟ ಎಳೆತ, ಅಂದರೆ ಟೆನ್ಷನ್. ಗುರುತ್ವ ಬಿಟ್ಟರೆ, ಮುಟ್ಟದೇ ಇರುವ ಯಾವುದಕ್ಕೂ ಬಾಣ ಹಾಕಬೇಡಿ. ಬೇರೆ ವಸ್ತುವಿನ ಮೇಲಿನ ಬಲವನ್ನೂ ಇಲ್ಲಿಗೆ ತರಬೇಡಿ.

ಒಂದು ಲೆಕ್ಕವನ್ನು ಪೂರ್ತಿ ಮಾಡೋಣ. ಶಹಾಬಾದ್ ಕಲ್ಲಿನ ನೆಲದ ಮೇಲೆ 50 ಕಿಲೋದ ತೊಗರಿ ಚೀಲ ಇದೆ. ಘರ್ಷಣೆಯ ಗುಣಾಂಕ, ಅಂದರೆ ಘರ್ಷಣೆ ನಾರ್ಮಲ್ ಫೋರ್ಸಿನ ಎಷ್ಟು ಪಾಲು ಎಂದು ಹೇಳುವ ಸಂಖ್ಯೆ, ನಿಂತಿರುವಾಗ ಹೆಚ್ಚೆಂದರೆ 0.5, ಜಾರುವಾಗ 0.4 ಎಂದು ಇಟ್ಟುಕೊಳ್ಳಿ. ಚೀಲದ ತೂಕ 50 ಗುಣಿಸು 9.8, ಅಂದರೆ 490 ನ್ಯೂಟನ್. ನೆಲದ ಒತ್ತುವಿಕೆ, ಅಂದರೆ ನಾರ್ಮಲ್ ಫೋರ್ಸ್, ಅದೂ ಮೇಲಕ್ಕೆ 490.

ಚೀಲವನ್ನು ಅಡ್ಡಕ್ಕೆ 200 ನ್ಯೂಟನ್ ಬಲದಿಂದ ಎಳೆಯಿರಿ. ಘರ್ಷಣೆ ಎಷ್ಟು? 0.5 ಗುಣಿಸು 490, 245 ಎಂದು ಬರೆದರೆ ತಪ್ಪು. 245 ಅದರ ಮಿತಿ. ನೀವು 200 ಎಳೆದರೆ ಅದು 200 ತಡೆಯುತ್ತದೆ, ಚೀಲ ಕದಲುವುದಿಲ್ಲ. ಮುಂದಕ್ಕೆ 200, ಹಿಂದಕ್ಕೆ 245 ಅಂದರೆ ಚೀಲ ಹಿಂದಕ್ಕೆ ಓಡಬೇಕಾಗುತ್ತದೆ!

ಈಗ 300 ನ್ಯೂಟನ್ ಎಳೆಯಿರಿ. 245ರ ಮಿತಿ ದಾಟಿತು, ಚೀಲ ಜಾರುತ್ತದೆ. ಜಾರುವಾಗಿನ ಘರ್ಷಣೆ 0.4 ಗುಣಿಸು 490, ಅಂದರೆ 196. ಉಳಿದದ್ದು 104. ನಿವ್ವಳ ಬಲವನ್ನು ರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ, ನ್ಯೂಟನ್ನನ ಎರಡನೇ ನಿಯಮ ಇದೇ. ಹಾಗಾಗಿ ಅದನ್ನು 50ರಿಂದ ಭಾಗಿಸಿದರೆ ವೇಗೋತ್ಕರ್ಷ ಸುಮಾರು 2.1.

ಅದೇ 300 ನ್ಯೂಟನ್, ಆದರೆ ಹಗ್ಗ ನೆಲದಿಂದ 30 ಡಿಗ್ರಿ ಮೇಲಕ್ಕೆ ಓರೆಯಾಗಿದೆ. ಅಡ್ಡ ಭಾಗ 260, ಮೇಲಿನ ಭಾಗ 150. ಮೇಲಕ್ಕೆ 150 ಎತ್ತಿದ್ದರಿಂದ ನೆಲದ ಒತ್ತುವಿಕೆ 490 ಹೋಗಿ 340 ಆಯಿತು. ಜಾರುವಾಗಿನ ಘರ್ಷಣೆ 136ಕ್ಕೆ ಇಳಿಯಿತು. ಉಳಿದದ್ದು 124, ವೇಗೋತ್ಕರ್ಷ ಸುಮಾರು 2.5. ಅಡ್ಡ ಎಳೆತ ಕಡಿಮೆಯಾದರೂ ಚೀಲ ಇನ್ನೂ ಜೋರಾಗಿ ಹೊರಟಿತು.

ಕೊನೆಯದಾಗಿ, ಅದೇ 300ನ್ನು ಹಿಂದಿನಿಂದ 30 ಡಿಗ್ರಿ ಕೆಳಕ್ಕೆ ಓರೆಯಾಗಿ ದೂಡಿ. ನೆಲದ ಒತ್ತುವಿಕೆ 640. ಘರ್ಷಣೆಯ ಮಿತಿ 320. ಅಡ್ಡ ದೂಡುವಿಕೆ 260 ಮಾತ್ರ. ಚೀಲ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ತೊಗರಿ ಗಂಜಿನಲ್ಲಿ ಹಮಾಲರು ಭಾರದ ಚೀಲವನ್ನು ಬಗ್ಗಿ ದೂಡುವುದಕ್ಕಿಂತ ಕಿವಿ ಹಿಡಿದು ಮೇಲಕ್ಕೆ ಜಗ್ಗುವುದು ಯಾಕೆ ಅನ್ನುವುದಕ್ಕೆ ಈ ನಾಲ್ಕು ಚಿತ್ರಗಳಲ್ಲಿ ಉತ್ತರವಿದೆ.

ನಾರ್ಮಲ್ ಫೋರ್ಸ್ ಯಾವಾಗಲೂ ತೂಕಕ್ಕೆ ಸಮ ಎಂದು ಬಾಯಿಪಾಠ ಮಾಡಿದವರು ಕೊನೆಯ ಎರಡರಲ್ಲಿ ಸಿಕ್ಕಿಬೀಳುತ್ತಾರೆ. ಪ್ರತಿ ಸಲ ಮೇಲೆ-ಕೆಳಗಿನ ಬಲಗಳನ್ನು ಕೂಡಿಸಿಯೇ ಅದನ್ನು ಕಂಡುಹಿಡಿಯಬೇಕು.

ಇಳಿಜಾರಿನ ಲೆಕ್ಕದಲ್ಲಿ ಸೈನ್ ಎಲ್ಲಿ, ಕಾಸ್ ಎಲ್ಲಿ ಎಂದು ಗೊಂದಲವಾದರೆ ಕೋನವನ್ನು ಸೊನ್ನೆ ಮಾಡಿ ನೋಡಿ. ನೆಲ ಸಮತಟ್ಟಾದರೆ ವಸ್ತು ಜಾರುವುದಿಲ್ಲ. ಕೋನ ಸೊನ್ನೆಯಾದಾಗ ಸೊನ್ನೆಯಾಗುವುದು ಸೈನ್, ಹಾಗಾಗಿ ಜಾರಿಸುವ ಭಾಗದಲ್ಲಿ ಸೈನ್ ಇರಬೇಕು.

6. ಮೂರನೇ ನಿಯಮದ ಜೋಡಿಗಳು

ಒಂದು ವಸ್ತು ಇನ್ನೊಂದರ ಮೇಲೆ ಎಷ್ಟು ಬಲ ಹಾಕುತ್ತದೋ ಅದು ಇದರ ಮೇಲೆ ಅಷ್ಟೇ ಬಲ ಎದುರು ದಿಕ್ಕಿಗೆ ಹಾಕುತ್ತದೆ, ಮೂರನೇ ನಿಯಮ ಅಂದರೆ ಇದು. ಈ ಕ್ರಿಯೆ, ಪ್ರತಿಕ್ರಿಯೆ ಯಾವತ್ತೂ ಎರಡು ಬೇರೆ ಬೇರೆ ವಸ್ತುಗಳ ಮೇಲೆ ಇರುತ್ತವೆ. ಚೀಲದ ತೂಕ, ನೆಲದ ಒತ್ತುವಿಕೆ ಎರಡೂ ಚೀಲದ ಮೇಲೇ ಇವೆ. ಹಾಗಾಗಿ ಅವು ಜೋಡಿ ಅಲ್ಲ. ಭೂಮಿ ಚೀಲವನ್ನು ಕೆಳಕ್ಕೆ ಎಳೆದರೆ ಚೀಲ ಭೂಮಿಯನ್ನು ಮೇಲಕ್ಕೆ ಎಳೆಯುತ್ತದೆ. ಅದು ಜೋಡಿ. “ಎತ್ತು ಬಂಡಿಯನ್ನು ಎಳೆದಷ್ಟೇ ಬಂಡಿ ಎತ್ತನ್ನು ಎಳೆದರೆ ಬಂಡಿ ಹೊರಡುವುದು ಹೇಗೆ?” ಎಂಬ ಪ್ರಶ್ನೆಗೂ ಚಿತ್ರವೇ ಉತ್ತರ. ಬಂಡಿಯ ಚಿತ್ರ ಬೇರೆ, ಎತ್ತಿನ ಚಿತ್ರ ಬೇರೆ ಬರೆಯಿರಿ. ಬಂಡಿಯ ಚಿತ್ರದಲ್ಲಿ ಎತ್ತಿನ ಎಳೆತವಿದೆ, ಚಕ್ರಗಳ ತಡೆ ಇದೆ, ಅಷ್ಟೇ. ಹೊರಡುವಾಗ ಎಳೆತ ತಡೆಗಿಂತ ಜಾಸ್ತಿ.

7. ವೃತ್ತಾಕಾರದ ಚಲನೆಗೆ ಹೊಸ ಬಲ ಸೇರಿಸಬೇಡಿ

ಸೆಂಟ್ರಿಪೆಟಲ್ ಫೋರ್ಸ್, ಅಂದರೆ ಕೇಂದ್ರಾಭಿಮುಖ ಬಲ, ಪ್ರತ್ಯೇಕ ಬಲ ಅಲ್ಲ. ಇರುವ ಬಲಗಳಲ್ಲೇ ಕೇಂದ್ರದ ಕಡೆಗಿನ ಮೊತ್ತಕ್ಕೆ ಆ ಹೆಸರು. ಬಸ್ಸು ತಿರುವಿನಲ್ಲಿ ಹೊರಳುವಾಗ ಆ ಕೆಲಸ ರಸ್ತೆಯ ಘರ್ಷಣೆಯದು. ಬೀದರಿನವರು ವಾಯುಪಡೆಯ ತರಬೇತಿ ವಿಮಾನಗಳು ಒಂದು ಬದಿಗೆ ವಾಲಿಕೊಂಡು ತಿರುಗುವುದನ್ನು ನೋಡಿರುತ್ತೀರಿ. ವಾಲಿದಾಗ ರೆಕ್ಕೆ ಎತ್ತುವ ಬಲವೂ ಓರೆಯಾಗುತ್ತದೆ, ಅದರ ಅಡ್ಡ ಭಾಗವೇ ವಿಮಾನವನ್ನು ತಿರುಗಿಸುತ್ತದೆ. ಚಿತ್ರದಲ್ಲಿ ಬೇರೆ ಬಾಣ ಹಾಕಿದರೆ ಒಂದೇ ಬಲವನ್ನು ಎರಡು ಸಲ ಎಣಿಸಿದಂತೆ.

8. ಅಭ್ಯಾಸ ಮಾಡುವ ರೀತಿ

ಪುಸ್ತಕದ ಬಿಡಿಸಿದ ಲೆಕ್ಕವನ್ನು ಓದಿ “ತಿಳಿಯಿತು” ಎಂದು ಮುಂದೆ ಹೋಗಬೇಡಿ. ಪ್ರಶ್ನೆ ಮಾತ್ರ ನೋಡಿ, ಉತ್ತರದ ಮೇಲೆ ಹಾಳೆ ಮುಚ್ಚಿ, ಚಿತ್ರ ನೀವೇ ಬರೆಯಿರಿ. ಸಿಕ್ಕಿಕೊಂಡರೆ ಒಂದು ಸಾಲು ಮಾತ್ರ ತೆರೆದು ನೋಡಿ, ಮತ್ತೆ ಮುಚ್ಚಿ. ನಿಧಾನ ಅನಿಸುತ್ತದೆ. ಆದರೂ ದಿನಕ್ಕೆ ಹೀಗೆ ಮಾಡಿದ ಎರಡು ಮೂರು ಲೆಕ್ಕ, ಸುಮ್ನೆ ಕಾಪಿ ಮಾಡಿದ ಇಪ್ಪತ್ತಕ್ಕಿಂತ ಮೇಲು.

ಉತ್ತರ ಬಂದ ಮೇಲೆ ಏಕಮಾನ ನೋಡಿ, ಆಮೇಲೆ ಅದು ನಂಬುವಂಥದ್ದೇ ನೋಡಿ. ಬಸ್ಸಿನ ವೇಗೋತ್ಕರ್ಷ 40 ಬಂದಿದ್ದರೆ ಎಲ್ಲೋ ಗಂಟೆ, ಸೆಕೆಂಡ್ ಕಲಸಿಹೋಗಿದೆ. ಡಿರೈವೇಷನ್, ಅಂದರೆ ಸೂತ್ರ ಸಾಧಿಸುವುದು, ಬೋರ್ಡ್ ಪರೀಕ್ಷೆಗೆ ಬೇಕೇ ಬೇಕು. ಅದನ್ನು ಐದನೇ ಹಂತ ಮುಗಿದ ಮೇಲೆ ಬರೆದು ಬರೆದು ಕಲಿಯಿರಿ, ಆಗ ಪ್ರತಿ ಸಾಲಿಗೂ ಅರ್ಥ ಇರುತ್ತದೆ. ಸಿಇಟಿ, ನೀಟ್ ಶಾರ್ಟ್‌ಕಟ್‌ಗಳನ್ನು ಈಗಲೇ ಹಿಡಿಯಬೇಡಿ. ಬಲಗಳ ಚಿತ್ರ ಬರೆಯಲು ಬಾರದವರಿಗೆ ಅವು ಕೈಕೊಡುತ್ತವೆ. ಇಂಗ್ಲಿಷಿನ ಪ್ರಶ್ನೆ ಅರ್ಥವಾಗದಿದ್ದರೆ ಕನ್ನಡದಲ್ಲಿ ಬರೆದುಕೊಂಡು ಲೆಕ್ಕ ಮಾಡಿ, ಉತ್ತರವನ್ನು ಮಾತ್ರ ಪರೀಕ್ಷೆಯ ಭಾಷೆಯಲ್ಲಿ ಬರೆಯಿರಿ. ಒಂದು ಭಾನುವಾರ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೂ ಹೋಗಿ ಬನ್ನಿ. ಅಲ್ಲಿನ ಮಾದರಿಗಳನ್ನು ಕೈಯಿಂದ ಆಡಿಸಿ ನೋಡುವಾಗ ಒಂದೊಂದಕ್ಕೂ ಬಲಗಳ ಚಿತ್ರ ಬರೆದುಕೊಳ್ಳಿ.

ಕೆಲಸ, ಶಕ್ತಿಯ ಪಾಠಕ್ಕೆ ಹೋಗುವ ಮೊದಲು ಈ ಒಂದು ಪ್ರಶ್ನೆಯಿಂದ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. 50 ಕಿಲೋ ಇರುವ ಒಬ್ಬರು ಲಿಫ್ಟಿನೊಳಗೆ ತೂಕದ ಯಂತ್ರದ ಮೇಲೆ ನಿಂತಿದ್ದಾರೆ. ಲಿಫ್ಟ್ ಒಂದೇ ವೇಗದಲ್ಲಿ ಕೆಳಗೆ ಇಳಿಯುತ್ತಿದೆ. ಯಂತ್ರ ಅವರನ್ನು ಮೇಲಕ್ಕೆ ಎಷ್ಟು ಬಲದಿಂದ ಒತ್ತುತ್ತಿದೆ? 490 ನ್ಯೂಟನ್ ಎಂದು ಬರೆದಿದ್ದರೆ ಮುಂದಿನ ಪಾಠ ತೆರೆಯಿರಿ. ಕೆಳಗೆ ಇಳಿಯುತ್ತಿದೆಯಲ್ಲ ಅಂತ ಅದಕ್ಕಿಂತ ಕಡಿಮೆ ಬರೆದಿದ್ದರೆ ನಾಲ್ಕನೇ ಹಂತವನ್ನು ಇನ್ನೊಮ್ಮೆ ಓದಿ, ಲಿಫ್ಟಿನಲ್ಲಿ ನಿಂತವರ ಬಲಗಳ ಚಿತ್ರ ಬರೆದು, ಅವರ ವೇಗ ಬದಲಾಗುತ್ತಿದೆಯೇ ಎಂದು ಕೇಳಿಕೊಳ್ಳಿ.